ಸ್ಥೂಲಕಾಯ

ಶಾಂತಸಾಗರದ ನಡುವೆ, ಭೂಮಧ್ಯರೇಖೆಗೆ ತೀರ ಸಮೀಪದಲ್ಲಿ ನೌರು ಎಂಬ ಪುಟ್ಟ ದ್ವೀಪವಿದೆ. ಅದರ ವಿಸ್ತೀರ್ಣ ಕೇವಲ 21 ಚದರ ಕಿಲೋಮೀಟರು; ಬೆಳಗ್ಗೆ ಹೊರಟ ಪಾದಚಾರಿಯು ಮಧ್ಯಾಹ್ನದ ಊಟದ ವೇಳೆಗೆ ಅದನ್ನು ಒಂದು ಸುತ್ತು ಸುತ್ತಿ ಬರಬಹುದು. ಹಿಂದೆ ಅಲ್ಲಿನ ಜನರು ಮೀನು, ತೆಂಗಿನಕಾಯಿ ಹಾಗೂ ನಮ್ಮ ಕೇದಗೆಯ ಬಳಗಕ್ಕೆ ಸೇರಿದ ಒಂದು ಮರದ ಹಣ್ಣನ್ನು ತಿಂದು ಜೀವಿಸುತ್ತಿದ್ದರು. ಮಳೆ ಬಾರದ ವರ್ಷಗಳಲ್ಲಿ ಹಸಿವು ಅವರಿಗೆ ತಪ್ಪಿದ್ದಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪರದೇಶದವರು ಆ ನೆಲದಿಂದ ಫಾಸ್ಫೇಟ್ ಗೊಬ್ಬರವನ್ನು ಅಗೆದು ಸಾಗಿಸತೊಡಗಿದರು. 1968ರಲ್ಲಿ ನೌರು ಸ್ವತಂತ್ರವಾಯಿತು. ಗಣಿಯ ಆದಾಯ ಜನರ ಕೈ ಸೇರಿತು. ಎಪ್ಪತ್ತರ ದಶಕದಲ್ಲಿ ಅದು ಜಗತ್ತಿನ ಅತ್ಯಂತ ಸಿರಿವಂತ ದೇಶಗಳ ಸಾಲಿನಲ್ಲಿತ್ತು. ಆದರೆ ಗಣಿಗಾರಿಕೆಯಿಂದ ಒಳನಾಡಿನ ಮಣ್ಣೆಲ್ಲ ಹೋಗಿ, ಬೋಳು ಸುಣ್ಣಕಲ್ಲಿನ ಕಂಬಗಳು ಮಾತ್ರ ಉಳಿದವು. ಬೆಳೆಯಲು ನೆಲವಿಲ್ಲ, ಕೊಳ್ಳಲು ಹಣವಿದೆ. ಅಕ್ಕಿ, ಸಕ್ಕರೆ, ಮೈದಾ, ಡಬ್ಬಿಯ ಮಾಂಸ ಎಲ್ಲವೂ ಹಡಗಿನಲ್ಲಿ ಬಂದಿಳಿದವು. ಎಪ್ಪತ್ತರ ದಶಕದ ಮಧ್ಯದಲ್ಲಿ ವೈದ್ಯರು ಸಮೀಕ್ಷೆ ನಡೆಸಿದಾಗ, ವಯಸ್ಕರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮಧುಮೇಹವಿರುವುದು ಕಂಡುಬಂದಿತು. ಮುಂದೆ ಫಾಸ್ಫೇಟ್ ಮುಗಿಯುತ್ತ ಬಂದಿತು, ಸಿರಿಯೂ ಕರಗಿತು. ಬೊಜ್ಜು ಮಾತ್ರ ಕರಗಲಿಲ್ಲ. ಇಂದಿಗೂ ಸ್ಥೂಲಕಾಯದವರ ಪ್ರಮಾಣ ಅತಿ ಹೆಚ್ಚಾಗಿರುವ ದೇಶಗಳಲ್ಲಿ ನೌರು ಒಂದು.

ಇದು ಒಂದು ದ್ವೀಪದ ಕಥೆಯಷ್ಟೇ ಆಗಿದ್ದರೆ ಇಲ್ಲಿ ಹೇಳಬೇಕಾಗಿರಲಿಲ್ಲ. 2022ರಲ್ಲಿ ಜಗತ್ತಿನ ಎಂಟು ಜನರಲ್ಲಿ ಒಬ್ಬರು, ಅಂದರೆ ನೂರು ಕೋಟಿಗೂ ಮಿಕ್ಕಿದ ಜನರು, ಸ್ಥೂಲಕಾಯರಾಗಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. 1990ರಿಂದೀಚೆಗೆ ಈ ಪ್ರಮಾಣ ವಯಸ್ಕರಲ್ಲಿ ಎರಡು ಪಟ್ಟಿಗಿಂತ ಹೆಚ್ಚಾಗಿದೆ. ಹದಿಹರೆಯದವರಲ್ಲಿ ನಾಲ್ಕು ಪಟ್ಟಾಗಿದೆ.

ಇದನ್ನು ಅಳೆಯುವ ಬಗೆ ಸರಳವಾದುದು. ಕಿಲೋಗ್ರಾಮುಗಳಲ್ಲಿರುವ ದೇಹತೂಕವನ್ನು, ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಬೇಕು. ವಯಸ್ಕರಲ್ಲಿ ಬಂದ ಅಂಕ 30 ಅಥವಾ ಅದಕ್ಕಿಂತ ಹೆಚ್ಚಾದರೆ ಅದು ಸ್ಥೂಲಕಾಯ. 1.6 ಮೀಟರು ಎತ್ತರದವರು 77 ಕಿಲೋಗ್ರಾಂ ತೂಗಿದರೆ ಈ ಗೆರೆಯನ್ನು ಮುಟ್ಟಿದಂತಾಯಿತು. ನಮ್ಮಂತಹ ಏಷ್ಯಾದ ಜನರಲ್ಲಿ ಮಧುಮೇಹ, ಹೃದ್ರೋಗಗಳು ಇದಕ್ಕಿಂತ ಕಡಿಮೆ ಅಂಕದಲ್ಲಿಯೇ ತಲೆದೋರುತ್ತವೆ.

'ಒಂದು ಹೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ' ಎಂಬ ಗಾದೆಯನ್ನು ನೀವು ಕೇಳಿರಬಹುದು. ಗಾದೆ ತಪ್ಪಲ್ಲ; ಆದರೆ ದೋಷವನ್ನೆಲ್ಲ ಅದು ಉಣ್ಣುವವನ ಮೇಲೆಯೇ ಹೊರಿಸುತ್ತದೆ. ಕ್ಷಾಮವನ್ನು ದಾಟಿ ಬಂದ ಮಾನವದೇಹವು ಕೊಬ್ಬನ್ನು ಆಪದ್ಧನದಂತೆ ಕಾಪಾಡುತ್ತದೆ. ಕೊಬ್ಬಿನ ಕೋಶಗಳಿಂದ ಲೆಪ್ಟಿನ್ ಎಂಬ ಚೋದಕ ರಸವು ಹೊರಟು, ಸಂಗ್ರಹ ಎಷ್ಟಿದೆಯೆಂದು ಮಿದುಳಿಗೆ ತಿಳಿಸುತ್ತದೆ; 1994ರಲ್ಲಿ ಅಮೆರಿಕದ ವಿಜ್ಞಾನಿ ಜೆಫ್ರಿ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು ಇದನ್ನು ಕಂಡುಹಿಡಿದರು. ತೂಕ ಇಳಿದಂತೆ ಈ ರಸವೂ ಇಳಿಯುತ್ತದೆ, ಹಸಿವು ಹೆಚ್ಚುತ್ತದೆ. ಆದುದರಿಂದಲೇ ಕಷ್ಟಪಟ್ಟು ಇಳಿಸಿದ ತೂಕವು ಬಹುಮಂದಿಗೆ ಮರಳಿ ಬರುತ್ತದೆ. ದಪ್ಪಗಿರುವ ಸಹಪಾಠಿಯನ್ನು ಸೋಮಾರಿಯೆಂದು ಹಾಸ್ಯ ಮಾಡುವವರಿಗೆ ಈ ವಿಷಯ ತಿಳಿದಿರುವುದಿಲ್ಲ.

ಭಾರತದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಶೇಕಡ 24ರಷ್ಟು ಸ್ತ್ರೀಯರ ತೂಕ ಮಿತಿಮೀರಿತ್ತು. ಅದೇ ಸಮೀಕ್ಷೆಯಲ್ಲಿ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡ 35ಕ್ಕೂ ಹೆಚ್ಚು ಮಂದಿ ಪೌಷ್ಟಿಕ ಆಹಾರವಿಲ್ಲದೆ ಕುಳ್ಳಾಗಿ ಉಳಿದಿದ್ದರು. ಒಂದೇ ಮನೆಯಲ್ಲಿ ಕೊರತೆಯೂ ಅತಿಯೂ ಒಟ್ಟಿಗೆ ವಾಸಿಸಬಲ್ಲವು. ಎರಡಕ್ಕೂ ಮೂಲ ಒಂದೇ: ಅಗ್ಗವಾಗಿ ದೊರೆಯುವ ಆಹಾರದಲ್ಲಿ ಶಕ್ತಿಯುಂಟು, ಸತ್ತ್ವವಿಲ್ಲ.

ಕೆಲವು ದೇಶಗಳು ಈಗ ಉಣ್ಣುವವನನ್ನು ಬಿಟ್ಟು ಅಂಗಡಿಯ ಕಡೆಗೆ ತಿರುಗಿವೆ. ಮೆಕ್ಸಿಕೋ 2014ರಲ್ಲಿ ಸಿಹಿ ಪಾನೀಯಗಳಿಗೆ ತೆರಿಗೆ ವಿಧಿಸಿತು. ಚಿಲಿ ದೇಶವು 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣಗಳ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆಯನ್ನು ಕಡ್ಡಾಯ ಮಾಡಿತು; ಅಂತಹ ತಿನಿಸುಗಳನ್ನು ಶಾಲೆಗಳಲ್ಲಿ ಮಾರುವುದನ್ನೂ, ಮಕ್ಕಳನ್ನು ಸೆಳೆಯುವ ಚಿತ್ರಗಳನ್ನು ಅವುಗಳ ಮೇಲೆ ಅಚ್ಚುಹಾಕುವುದನ್ನೂ ನಿಷೇಧಿಸಿತು. ಅನಂತರ ಅಲ್ಲಿ ಸಿಹಿ ಪಾನೀಯಗಳ ಖರೀದಿ ಗಮನಾರ್ಹವಾಗಿ ಇಳಿಯಿತು.