ಏಳು ಗಂಟೆಗಳ ಗಡುವು

2014ರ ಅಕ್ಟೋಬರ್ 15, ಬುಧವಾರ. ನಮ್ಮ ಗಡಿಯಾರದಲ್ಲಿ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಡ್ರೂಪಲ್ ತಂತ್ರಾಂಶದ ಭದ್ರತಾ ತಂಡ ಒಂದು ಪ್ರಕಟಣೆ ಹೊರಡಿಸಿತು. ಡ್ರೂಪಲ್‌ನ 7ನೇ ಆವೃತ್ತಿಯಲ್ಲಿ ಅತಿ ಗಂಭೀರ ದೋಷವೊಂದು ಪತ್ತೆಯಾಗಿದೆ, ಎಲ್ಲರೂ ಕೂಡಲೇ 7.32ಕ್ಕೆ ಅಪ್‌ಡೇಟ್ ಮಾಡಿಕೊಳ್ಳಿ ಎಂಬುದು ಅದರ ಸಾರ. ಎರಡು ವಾರ ಕಳೆದು, ಅಕ್ಟೋಬರ್ 29ರಂದು, ಅದೇ ತಂಡದಿಂದ ಮತ್ತೊಂದು ಪ್ರಕಟಣೆ ಬಂತು. ಮೊದಲ ಪ್ರಕಟಣೆಯಾದ ಏಳು ಗಂಟೆಗಳೊಳಗೆ ದುರಸ್ತಿಯಾಗದ ಪ್ರತಿಯೊಂದು ಡ್ರೂಪಲ್ 7 ವೆಬ್‌ಸೈಟೂ ಹ್ಯಾಕ್ ಆಗಿದೆ ಎಂದೇ ತಿಳಿದು ಮುಂದಿನ ಕೆಲಸ ಮಾಡಿ, ಎಂದಿತು ಅದು. ಆ ಏಳು ಗಂಟೆ ಬೆಂಗಳೂರಿನಲ್ಲಿ ಮುಗಿದದ್ದು ಗುರುವಾರ ಬೆಳಗಿನ ಜಾವ ನಾಲ್ಕೂವರೆಗೆ. ರಾತ್ರಿ ಹೊತ್ತಿಗೆ ಸರಿಯಾಗಿ ಮಲಗಿ, ಬೆಳಿಗ್ಗೆ ಕಚೇರಿಗೆ ಹೋಗಿ ಮೊದಲ ಕೆಲಸವಾಗಿ ಅಪ್‌ಡೇಟ್ ಮಾಡಿದ ಶ್ರದ್ಧಾವಂತನೂ ತಡಮಾಡಿದವರ ಸಾಲಿಗೇ ಸೇರಿದ್ದ.

ಹ್ಯಾಕ್ ಆದ ವೆಬ್‌ಸೈಟನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪ್ರಕರಣವನ್ನು ನಾನು ಕಂಡಿಲ್ಲ.

ಡ್ರೂಪಲ್ ವೆಬ್‌ಸೈಟ್ ಕಟ್ಟಲು ಬಳಸುವ ಉಚಿತ ಮುಕ್ತ ತಂತ್ರಾಂಶ. ಬೆಲ್ಜಿಯಂನ ಡ್ರೀಸ್ ಬಾಯ್ಟಾರ್ಟ್ 2001ರಲ್ಲಿ ಅದನ್ನು ಬಿಡುಗಡೆ ಮಾಡಿದರು. ವಿಶ್ವವಿದ್ಯಾಲಯಗಳು, ಪತ್ರಿಕೆಗಳು, ಸರ್ಕಾರಿ ಇಲಾಖೆಗಳು ಅದನ್ನು ಬಳಸಿದವು. 2009ರಲ್ಲಿ ಅಮೆರಿಕದ ಶ್ವೇತಭವನವೂ ತನ್ನ ಜಾಲತಾಣವನ್ನು ಅದರ ಮೇಲೆ ಕಟ್ಟಿಕೊಂಡಿತು. ವರ್ಡ್‌ಪ್ರೆಸ್‌ನಂತೆಯೇ ಇದರಲ್ಲೂ ಬರಹ, ಚಿತ್ರಗಳ ವಿವರ, ಬಳಕೆದಾರರ ಹೆಸರು ಎಲ್ಲ ಡೇಟಾಬೇಸಿನಲ್ಲಿರುತ್ತವೆ. ಓದುಗ ಪುಟ ಕೇಳಿದ ಕ್ಷಣದಲ್ಲಿ ಸರ್ವರ್ ಅವನ್ನೆಲ್ಲ ಜೋಡಿಸಿ ಪುಟ ಕಟ್ಟಿ ಕಳಿಸುತ್ತದೆ. ಹಾಗಾಗಿ ಇಂಥ ವೆಬ್‌ಸೈಟ್ ಅಚ್ಚಾಗಿ ಕೂತ ಪುಸ್ತಕವಲ್ಲ, ಹಗಲೂ ರಾತ್ರಿ ಓಡುತ್ತಿರುವ ಪ್ರೋಗ್ರಾಂ. ಜಗತ್ತಿನ ಯಾವ ಮೂಲೆಯಿಂದಲಾದರೂ ಅದಕ್ಕೆ ಪ್ರಶ್ನೆ ಕಳಿಸಬಹುದು. ಕೇಡು ಹೊಗುವುದೂ ಈ ಪ್ರಶ್ನೆಗಳ ದಾರಿಯಿಂದಲೇ.

ಡೇಟಾಬೇಸಿನೊಡನೆ ವ್ಯವಹರಿಸುವ ಭಾಷೆ ಎಸ್‌ಕ್ಯೂಎಲ್. ಲಾಗಿನ್ ಪೆಟ್ಟಿಗೆಯಲ್ಲಿ ನೀವು ಬರೆದ ಹೆಸರು, ‘ಈ ಹೆಸರಿನವರು ಇದ್ದಾರೆಯೇ ನೋಡು’ ಎಂಬ ಎಸ್‌ಕ್ಯೂಎಲ್ ಆಜ್ಞೆಯೊಳಗೆ ಹೋಗಿ ಸೇರುತ್ತದೆ. ಅಲ್ಲಿ ಹೆಸರಿನ ಬದಲು ಇನ್ನೊಂದು ಆಜ್ಞೆಯನ್ನೇ ಬರೆದರೆ, ಅಸಡ್ಡೆಯಿಂದ ಬರೆದ ಪ್ರೋಗ್ರಾಂ ಅದನ್ನೂ ನಡೆಸಿಬಿಡುತ್ತದೆ. ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಹೆಸರಾದ ಈ ದಾಳಿಯ ಬಗೆಯನ್ನು ಜೆಫ್ ಫಾರಿಸ್ಟಲ್ 1998ರಲ್ಲೇ ‘ಫ್ರ್ಯಾಕ್’ ಎಂಬ ಹ್ಯಾಕರ್ ಪತ್ರಿಕೆಯಲ್ಲಿ ಬರೆದಿದ್ದರು. ಪರಿಹಾರವೂ ಬಹಳ ಹಿಂದೆಯೇ ಸಿಕ್ಕಿತ್ತು. ಆಜ್ಞೆಯನ್ನು ಮೊದಲೇ ಸಿದ್ಧಮಾಡಿ ಅದರಲ್ಲಿ ಖಾಲಿ ಜಾಗ ಬಿಡುವುದು, ಹೊರಗಿನಿಂದ ಬಂದದ್ದನ್ನು ಆ ಜಾಗಕ್ಕೆ ಬರಿಯ ಮಾಹಿತಿಯಾಗಿ ಮಾತ್ರ ತುಂಬುವುದು. ಡ್ರೂಪಲ್ 7ರ ಡೇಟಾಬೇಸ್ ಪದರವನ್ನು ಈ ರಕ್ಷಣೆ ಎಲ್ಲ ಕಡೆಯೂ ಸಿಗಲೆಂದೇ ಹೊಸದಾಗಿ ಬರೆದಿದ್ದರು.

ದೋಷ ಹುದುಗಿದ್ದದ್ದು ಆ ರಕ್ಷಣಾ ಪದರದಲ್ಲೇ. ಒಂದರ ಬದಲು ಹಲವು ಹೆಸರುಗಳ ಪಟ್ಟಿ ಬಂದಾಗ ಅದು ಹೆಸರು-0, ಹೆಸರು-1 ಎಂದು ಒಂದೊಂದಕ್ಕೂ ಒಂದು ಖಾಲಿ ಜಾಗ ಮಾಡುತ್ತಿತ್ತು. ಆ 0, 1 ಎಂಬ ಗುರುತುಗಳನ್ನು ಬಂದ ಪಟ್ಟಿಯಿಂದಲೇ ಎತ್ತಿಕೊಂಡು ಆಜ್ಞೆಯ ಪಠ್ಯಕ್ಕೆ ಸೇರಿಸುತ್ತಿತ್ತು. ಪಟ್ಟಿಯಲ್ಲಿದ್ದ ಹೆಸರುಗಳಿಗೆ ಕಾವಲಿತ್ತು, ಗುರುತುಗಳಿಗೆ ಇರಲಿಲ್ಲ. ಡ್ರೂಪಲ್ ಅನ್ನು ಬರೆದಿರುವ ಪಿಎಚ್‌ಪಿ ಭಾಷೆಯಲ್ಲೋ, ಫಾರಂ ಕಳಿಸುವವನು ಪಟ್ಟಿಯ ಗುರುತನ್ನೂ ತನಗೆ ಬೇಕಾದಂತೆ ಬರೆದು ಕಳಿಸಬಹುದು. ಅಂಕಿಯ ಜಾಗದಲ್ಲಿ ಎಸ್‌ಕ್ಯೂಎಲ್ ಆಜ್ಞೆ ಬರೆದರೆ ಸಾಕಿತ್ತು, ಇಡೀ ಡೇಟಾಬೇಸ್ ಅವನ ಮಾತು ಕೇಳುತ್ತಿತ್ತು. ಪಾಸ್‌ವರ್ಡ್ ಬೇಡ, ಖಾತೆ ಬೇಡ, ಲಾಗಿನ್ ಫಾರಂ ಒಂದಿದ್ದರಾಯಿತು. ಇದನ್ನು ಕಂಡುಹಿಡಿದವರು ಜರ್ಮನಿಯ ಸೆಕ್ಷನ್‌ಐನ್ಸ್ ಸಂಸ್ಥೆಯ ಸ್ಟೆಫಾನ್ ಹಾರ್ಸ್ಟ್. ದುರಸ್ತಿಗೆ ಬೇಕಾದದ್ದು ಒಂದೇ ಸಾಲಿನ ತಿದ್ದುಪಡಿ: ಬಂದ ಗುರುತುಗಳನ್ನೆಲ್ಲ ಬಿಸಾಕಿ 0ಯಿಂದ ಹೊಸದಾಗಿ ಎಣಿಸು. 2011ರ ಜನವರಿಯಲ್ಲಿ ಡ್ರೂಪಲ್ 7 ಹೊರಬಂದ ದಿನದಿಂದ ಹತ್ತಿರಹತ್ತಿರ ನಾಲ್ಕು ವರ್ಷ ದೋಷವಿದ್ದ ಸಾಲು ಎಲ್ಲರ ಕಣ್ಣೆದುರಿಗೇ ಇತ್ತು.

ನಾಲ್ಕು ವರ್ಷ ಸುಮ್ಮನಿದ್ದದ್ದು ಏಳೇ ಗಂಟೆಯಲ್ಲಿ ಸ್ಫೋಟಿಸಿದ್ದೇಕೆ? ದುರಸ್ತಿಯ ಪ್ರಕಟಣೆಯೇ ದೋಷ ಎಲ್ಲಿದೆ ಎಂಬುದನ್ನೂ ತೋರಿಸಿಕೊಡುತ್ತದೆ. ಹಳೆಯ ಮತ್ತು ಹೊಸ ಕೋಡನ್ನು ಅಕ್ಕಪಕ್ಕ ಇಟ್ಟು ನೋಡಿದವನಿಗೆ ಬದಲಾದ ಸಾಲು ಕಾಣುತ್ತದೆ, ಅದು ಏಕೆ ಬದಲಾಯಿತು ಎಂದು ಯೋಚಿಸಿದರೆ ದಾಳಿಯ ದಾರಿ ಹೊಳೆಯುತ್ತದೆ. ಆಮೇಲಿನದು ಯಂತ್ರದ ಕೆಲಸ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಝೀಮ್ಯಾಪ್ ಎಂಬ ಉಪಕರಣ ರೂಪಿಸಿ, ಒಂದೇ ಕಂಪ್ಯೂಟರಿನಿಂದ ಐಪಿವಿ4 ಅಂತರಜಾಲದ ಸಾರ್ವಜನಿಕ ವಿಳಾಸಗಳನ್ನೆಲ್ಲ 45 ನಿಮಿಷದೊಳಗೆ ತಟ್ಟಿ ನೋಡಬಹುದೆಂದು ತೋರಿಸಿದ್ದರು. ‘ನಮ್ಮ ಸಣ್ಣ ಸೈಟನ್ನು ಯಾರು ಹ್ಯಾಕ್ ಮಾಡ್ತಾರೆ ಬಿಡಿ’ ಎಂಬ ಮಾತು ಎಷ್ಟು ಕಡೆ ಕೇಳಿಬರುತ್ತದೆ! ದಾಳಿ ಮಾಡುವ ಪ್ರೋಗ್ರಾಂಗೆ ದೊಡ್ಡದು, ಸಣ್ಣದು ಎಂಬ ಭೇದವಿಲ್ಲ. ಶಾಲೆಯದೋ ಬ್ಯಾಂಕಿನದೋ ಎಂದು ವಿಚಾರಿಸುವುದೂ ಇಲ್ಲ. ಕೆಟ್ಟ ಸಾಲು ಅಲ್ಲಿದೆಯೇ ಎಂಬುದಷ್ಟೇ ಅದಕ್ಕೆ ಬೇಕು.

ಒಳಹೊಕ್ಕವರು ಮಾಡಿದ ಕೆಲಸಗಳಲ್ಲಿ ಒಂದು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಕೆಲವರು ತಾವು ಬಂದ ದೋಷವನ್ನು ತಾವೇ ದುರಸ್ತಿ ಮಾಡಿದರು. ಉಪಕಾರಕ್ಕಲ್ಲ, ಬೇರೆ ದಾಳಿಕೋರರು ಪಾಲಿಗೆ ಬರದಿರಲೆಂದು. ಆದ್ದರಿಂದಲೇ ಭದ್ರತಾ ತಂಡ ತನ್ನ ಎರಡನೆಯ ಪ್ರಕಟಣೆಯಲ್ಲಿ, ನೀವು ದುರಸ್ತಿ ಮಾಡದೆಯೇ ನಿಮ್ಮ ಸೈಟ್ ದುರಸ್ತಿಯಾಗಿದ್ದರೆ ಅದು ಹ್ಯಾಕ್ ಆಗಿರುವುದರ ಲಕ್ಷಣವಿರಬಹುದು ಎಂದು ಹೇಳಬೇಕಾಯಿತು. ಆವೃತ್ತಿ ನೋಡುವ ತಪಾಸಕ ‘ಎಲ್ಲ ಸರಿ’ ಎಂದು ಹಸಿರು ಗುರುತು ತೋರಿಸುತ್ತಿರುವಾಗ ಒಳಗೆ ಬೇರೆಯವರ ಆಡಳಿತ ನಡೆದಿರುತ್ತಿತ್ತು. ಯಾವ ವಿಳಾಸ ಕೇಳಿದರೆ ಯಾವ ಕೆಲಸ ನಡೆಯಬೇಕು ಎಂದು ಡ್ರೂಪಲ್ ತನ್ನ ಡೇಟಾಬೇಸಿನ ಒಂದು ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ದಾಳಿಕೋರರು ಅಲ್ಲಿ ಒಂದು ಸಾಲು ಸೇರಿಸಿದರು. ಅವರಿಗಷ್ಟೇ ಗೊತ್ತಿದ್ದ ಒಂದು ವಿಳಾಸವನ್ನು ಕೇಳಿದಾಗ ಸರ್ವರ್ ತಾನೇ ಹೊಸ ಪಿಎಚ್‌ಪಿ ಫೈಲೊಂದನ್ನು ಬರೆದುಕೊಳ್ಳುತ್ತಿತ್ತು, ಆ ಫೈಲು ಮುಂದೆ ಅವರು ಹೇಳಿದ್ದನ್ನೆಲ್ಲ ಮಾಡುತ್ತಿತ್ತು.

ಕಳ್ಳ ಅಟ್ಟದ ಮೇಲೆ ಕೂತಿರುವಾಗ ಮುಂಬಾಗಿಲಿಗೆ ಹೊಸ ಬೀಗ ಜಡಿದರೆ ಏನು ಬಂತು? ಆದರೂ ಹ್ಯಾಕ್ ಆದ ಸೈಟ್‌ಗಳಿಗೆ ಸಾಮಾನ್ಯವಾಗಿ ಸಿಗುವ ಚಿಕಿತ್ಸೆ ಇಷ್ಟೇ: ಅಪ್‌ಡೇಟ್ ಮಾಡಿ, ಪಾಸ್‌ವರ್ಡ್ ಬದಲಿಸಿ, ಕಣ್ಣಿಗೆ ಬಿದ್ದ ವಿಚಿತ್ರ ಫೈಲನ್ನು ಅಳಿಸಿ, ಪುಟ ತೆರೆದು ನೋಡಿ, ಸರಿಹೋಯಿತು ಎನ್ನುವುದು. ತೆರೆದು ನೋಡಿದಾಗ ಪುಟ ಸರಿಯಾಗಿಯೇ ಕಾಣುತ್ತದೆ. ಎಷ್ಟೋ ಕುತಂತ್ರಾಂಶಗಳನ್ನು, ನೇರವಾಗಿ ವಿಳಾಸ ಬರೆದು ಬಂದವರಿಗೆ ಅಸಲಿ ಪುಟವನ್ನೂ, ಗೂಗಲ್ ಹುಡುಕಾಟದಿಂದ ಬಂದವರಿಗೆ ನಕಲಿ ಔಷಧಿ ಅಂಗಡಿಯನ್ನೂ ತೋರಿಸುವಂತೆ ಬರೆದಿರುತ್ತಾರೆ. ಸೈಟಿನ ಒಡೆಯ ತನ್ನ ಸೈಟನ್ನು ಗೂಗಲ್‌ನಲ್ಲಿ ಹುಡುಕಿ ಹೋಗುವುದು ಕಡಿಮೆ. ಹೀಗಾಗಿ ತಿಂಗಳುಗಟ್ಟಲೆ ಅವನಿಗೆ ತಿಳಿಯುವುದೇ ಇಲ್ಲ, ಬ್ರೌಸರ್ ಕೆಂಪು ಎಚ್ಚರಿಕೆ ತೋರಿಸಿದ ದಿನವೇ ತಿಳಿಯುವುದು.

ಒಳ್ಳೆಯ ಸ್ಕ್ಯಾನರ್ ತಂದು ಹುಡುಕಿದರಾಗದೇ ಎಂದು ಕೇಳಬಹುದು. ಹುಡುಕಬೇಕು, ಸಿಕ್ಕಿದ್ದನ್ನು ತೆಗೆಯಬೇಕು. ಆದರೆ ಏನೂ ಸಿಗದಿದ್ದರೆ ಏನೂ ಇಲ್ಲವೆಂದು ಅರ್ಥವಲ್ಲ. 1980ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವೈರಸ್‌ಗಳ ಮೇಲೆ ಸಂಶೋಧನೆ ನಡೆಸಿದ ಫ್ರೆಡ್ ಕೋಹೆನ್, ಎಲ್ಲ ವೈರಸ್‌ಗಳನ್ನೂ ತಪ್ಪಿಲ್ಲದೆ ಗುರುತಿಸುವ ಪ್ರೋಗ್ರಾಂ ಇರಲು ಸಾಧ್ಯವಿಲ್ಲ ಎಂದು ತರ್ಕದಿಂದ ಸಾಧಿಸಿದರು. ವಾದ ಸರಳವಾಗಿದೆ. ಅಂಥದೊಂದು ಪರಿಪೂರ್ಣ ತಪಾಸಕ ಇದೆಯೆಂದುಕೊಳ್ಳಿ. ಈಗ ಒಂದು ಪ್ರೋಗ್ರಾಂ ಬರೆಯೋಣ. ಅದು ಮೊದಲು ತಪಾಸಕವನ್ನು ಕರೆದು ‘ನಾನು ವೈರಸ್ಸೇ?’ ಎಂದು ಕೇಳುತ್ತದೆ. ಹೌದೆಂದರೆ ಸುಮ್ಮನಿರುತ್ತದೆ, ಅಲ್ಲವೆಂದರೆ ಹರಡುತ್ತದೆ. ತಪಾಸಕ ಯಾವ ಉತ್ತರ ಕೊಟ್ಟರೂ ತಪ್ಪೇ. ಯುನಿಕ್ಸ್ ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಇನ್ನೂ ಆಳಕ್ಕೆ ಹೋದರು. ಕೋಡನ್ನು ಯಂತ್ರಭಾಷೆಗೆ ಇಳಿಸುವ ಕಂಪೈಲರಿನೊಳಗೇ ಕುತಂತ್ರ ಸೇರಿಸಿ, ಮೂಲ ಕೋಡಿನಲ್ಲಿ ಅದರ ಸುಳಿವೂ ಉಳಿಯದಂತೆ ಮಾಡಬಹುದೆಂದು ವಿವರಿಸಿದರು. ಹ್ಯಾಕ್ ಆದ ಸರ್ವರಿನ ಮೇಲೆ, ಅದೇ ಸರ್ವರಿನ ಸಲಕರಣೆಗಳಿಂದ ನಡೆಸಿದ ತಪಾಸಣೆಗೂ ಇದೇ ಮಿತಿ. ವರದಿ ಕೊಡುತ್ತಿರುವ ಯಂತ್ರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಇದರಿಂದ ಒಂದು ಕಟ್ಟುನಿಟ್ಟಿನ ತೀರ್ಮಾನಕ್ಕೆ ಬರಲೇಬೇಕಾಗುತ್ತದೆ. ಕೆಟ್ಟದ್ದನ್ನು ಹುಡುಕಿ ತೆಗೆದು ಸೈಟನ್ನು ಶುದ್ಧಮಾಡಿದೆವು ಎಂದು ಸಾಧಿಸಲಾಗದು. ಒಳ್ಳೆಯದೆಂದು ಖಚಿತವಾಗಿ ಗೊತ್ತಿರುವುದರಿಂದ ಮತ್ತೆ ಕಟ್ಟುವುದೇ ಸರಿಯಾದ ದಾರಿ. ಕೋಡಿನ ಮಟ್ಟಿಗೆ ಇದು ಸುಲಭ. ಮೂಲ ಬಿಡುಗಡೆಯ ಪ್ರತಿ ಸಾರ್ವಜನಿಕವಾಗಿ ಸಿಗುತ್ತದೆ, ಒಂದೊಂದು ಫೈಲಿಗೂ ಎಸ್‌ಎಚ್‌ಎ-256ರಂಥ ಹ್ಯಾಶ್ ಲೆಕ್ಕಹಾಕಿ ಹೋಲಿಸಬಹುದು. ಒಂದೇ ಅಕ್ಷರ ಬದಲಾಗಿದ್ದರೂ ಹ್ಯಾಶ್ ಪೂರ್ತಿ ಬೇರೆಯಾಗಿ ಬರುತ್ತದೆ. ಡೇಟಾಬೇಸಿಗೆ ಈ ಅನುಕೂಲ ಇಲ್ಲ. ಅದು ದಿನದಿನವೂ ಬದಲಾಗುವಂಥದು, ಹೋಲಿಸಿ ನೋಡಲು ಅದಕ್ಕೆ ಮೂಲಪ್ರತಿಯೆಂಬುದಿಲ್ಲ. ಡ್ರೂಪಲ್ ದಾಳಿಕೋರರು ಡೇಟಾಬೇಸಿನಲ್ಲಿ ಅಡಗಿದ್ದು ಅಷ್ಟರಮಟ್ಟಿಗೆ ಜಾಣತನ. ಭದ್ರತಾ ತಂಡದ ಸಲಹೆಯೂ ಅದಕ್ಕೆ ತಕ್ಕ ಹಾಗೆ ಕಠಿಣವಾಗಿತ್ತು. ಸೈಟನ್ನು ಕೆಳಗಿಳಿಸಿ ಅದರ ಜಾಗದಲ್ಲಿ ಬರಿಯ ಎಚ್‌ಟಿಎಂಎಲ್ ಪುಟವಿಡಿ, ಅದೇ ಸರ್ವರಿನಲ್ಲಿರುವ ಬೇರೆ ಸೈಟ್‌ಗಳಿಗೂ ಸೋಂಕು ತಗಲಿರಬಹುದೆಂದು ಸರ್ವರ್ ನೋಡಿಕೊಳ್ಳುವವರಿಗೆ ತಿಳಿಸಿ, ಸಾಧ್ಯವಾದರೆ ಸರ್ವರನ್ನೇ ಬದಲಿಸಿ, ಅಕ್ಟೋಬರ್ 15ಕ್ಕೂ ಮೊದಲಿನ ಬ್ಯಾಕಪ್‌ನಿಂದ ಸೈಟನ್ನು ಮರಳಿ ತನ್ನಿ.

ಬ್ಯಾಕಪ್ಪಿನ ಈ ಮಾತಿನಲ್ಲಿ ದೊಡ್ಡ ಸಂಕಟವೊಂದಿದೆ. ಅನೇಕರು ಕೊನೆಯ ಏಳು ದಿನಗಳ ಬ್ಯಾಕಪ್ ಮಾತ್ರ ಇಟ್ಟುಕೊಳ್ಳುತ್ತಾರೆ, ಎಂಟನೆಯ ದಿನ ಹಳೆಯದು ಅಳಿಸಿಹೋಗುತ್ತದೆ. ಅಕ್ಟೋಬರ್ 29ರಂದು ಎಚ್ಚರಿಕೆ ಓದಿದ ಅಂಥವರ ಬಳಿ ಇದ್ದ ಏಳೂ ಪ್ರತಿಗಳು ದಾಳಿಯ ನಂತರದವೇ. ತಿಂಗಳಿಗೊಂದು ಪ್ರತಿಯನ್ನು ಸರ್ವರಿನ ಹೊರಗೆ, ಸರ್ವರಿನ ಪಾಸ್‌ವರ್ಡ್ ತಲುಪದ ಜಾಗದಲ್ಲಿ, ವರ್ಷಪೂರ್ತಿ ಉಳಿಸಿಕೊಳ್ಳಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿ. ಹಳೆಯ ಪ್ರತಿಯ ನಂತರ ಸೇರಿದ ಬರಹಗಳನ್ನು ಆಮೇಲೆ ಕೈಯಾರೆ ಓದಿ ಸೇರಿಸಬೇಕಾಗುತ್ತದೆ. ಬೇಸರದ ಕೆಲಸ, ತಪ್ಪಿಸಿಕೊಳ್ಳುವಂತಿಲ್ಲ. ಡೇಟಾಬೇಸಿನ ಪಾಸ್‌ವರ್ಡ್, ಹೋಸ್ಟಿಂಗ್ ಖಾತೆ, ಇಮೇಲ್ ಮತ್ತು ಹಣ ಪಾವತಿಯ ಸೇವೆಗಳ ಕೀಲಿಗಳು ಎಲ್ಲವನ್ನೂ ಬದಲಿಸಬೇಕು. ಕದ್ದೊಯ್ದ ಮಾಹಿತಿ ಮಾತ್ರ ಮರಳಿ ಬರುವುದಿಲ್ಲ. ಬಳಕೆದಾರರಿಗೆ ಆ ಸಂಗತಿಯನ್ನು ಮುಚ್ಚುಮರೆಯಿಲ್ಲದೆ ತಿಳಿಸುವುದು ನಡೆಸುವವರ ಹೊಣೆ.

ಕೆಡವುವ ಮೊದಲು ಹ್ಯಾಕ್ ಆದ ಸ್ಥಿತಿಯ ಒಂದು ಪೂರ್ಣ ಪ್ರತಿಯನ್ನೂ, ಸರ್ವರಿನಲ್ಲಿ ನಡೆದದ್ದರ ದಾಖಲೆಗಳಾದ ಲಾಗ್‌ಗಳನ್ನೂ ತೆಗೆದಿಡಬೇಕು. ಯಾರು, ಯಾವಾಗ, ಹೇಗೆ ಬಂದರೆಂಬುದಕ್ಕೆ ಅದೊಂದೇ ಸಾಕ್ಷಿ. ಭಾರತದಲ್ಲಿ ಇದು ಬರಿಯ ವಿವೇಕದ ಮಾತಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸಂಸ್ಥೆಗಳು ಇಂಥ ಘಟನೆಯನ್ನು ಗಮನಿಸಿದ 6 ಗಂಟೆಯೊಳಗೆ ವರದಿ ಮಾಡಬೇಕು, 180 ದಿನಗಳ ಲಾಗ್ ಇಟ್ಟುಕೊಂಡಿರಬೇಕು.

ಡ್ರೂಪಲ್ ತಂಡ 2014ರಿಂದ ಕಲಿತದ್ದು 2018ರಲ್ಲಿ ಕಂಡಿತು. ಅಷ್ಟೇ ಗಂಭೀರವಾದ ಇನ್ನೊಂದು ದೋಷದ ದುರಸ್ತಿಯನ್ನು ಮಾರ್ಚ್ 28ರಂದು ಬಿಡುಗಡೆ ಮಾಡುವ ಮುನ್ನ, ಒಂದು ವಾರ ಮೊದಲೇ, ಆ ದಿನ ಸಮಯ ಕಾಯ್ದಿರಿಸಿಕೊಳ್ಳಿ ಎಂದು ಎಲ್ಲರಿಗೂ ಹೇಳಿತು. ದಾಳಿಯ ಕೋಡ್ ಬಹಿರಂಗವಾಗಿ ಹರಿದಾಡಿದ್ದು ಏಪ್ರಿಲ್ ಎರಡನೆಯ ವಾರದಲ್ಲಿ. ಎಚ್ಚರಗೊಂಡವರಿಗೆ ಈ ಸಲ ಏಳು ಗಂಟೆಯಲ್ಲ, ಎರಡು ವಾರ ಸಿಕ್ಕಿತು. ಅಷ್ಟಾದರೂ ಅಪ್‌ಡೇಟ್ ಮಾಡದೆ ಉಳಿದ ಸರ್ವರ್‌ಗಳನ್ನು ದಾಳಿಕೋರರು ಮೊನೆರೋ ಎಂಬ ಡಿಜಿಟಲ್ ನಾಣ್ಯದ ಗಣಿಗಾರಿಕೆಗೆ ದುಡಿಸಿಕೊಂಡರು.

ನಮ್ಮಲ್ಲಿ ಶಾಲೆ, ಸಹಕಾರ ಸಂಘ, ದೇವಸ್ಥಾನದ ಸಮಿತಿ, ಸಾಹಿತ್ಯ ಸಂಸ್ಥೆಗಳ ವೆಬ್‌ಸೈಟನ್ನು ಒಮ್ಮೆ ದುಡ್ಡು ಕೊಟ್ಟು ಮಾಡಿಸಿ, ಉದ್ಘಾಟಿಸಿ, ಮರೆತುಬಿಡುವುದು ರೂಢಿ. ಮಾಡಿಕೊಟ್ಟವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ, ಪಾಸ್‌ವರ್ಡ್ ಯಾರ ಬಳಿಯಿದೆಯೆಂದು ಯಾರಿಗೂ ಗೊತ್ತಿರುವುದಿಲ್ಲ. ಸೈಟ್ ಕಟ್ಟಲು ಹಣ ಮಂಜೂರು ಮಾಡುವವರು ಅದನ್ನು ವರ್ಷವರ್ಷ ನೋಡಿಕೊಳ್ಳುವ ಖರ್ಚನ್ನೂ ಅದೇ ಸಭೆಯಲ್ಲಿ ಮಂಜೂರು ಮಾಡಬೇಕು. ಅದು ಸಾಧ್ಯವಿಲ್ಲದಿದ್ದರೆ ಡೇಟಾಬೇಸ್ ಇಲ್ಲದ ಬರಿಯ ಎಚ್‌ಟಿಎಂಎಲ್ ಪುಟಗಳಲ್ಲಿ ಸೈಟ್ ಮಾಡಿಸಿಕೊಳ್ಳಲಿ. ಸಣ್ಣ ಸಂಸ್ಥೆಯ ವಿಳಾಸ, ಇತಿಹಾಸ, ಫೋಟೋಗಳಿಗೆ ಅಷ್ಟು ಧಾರಾಳವಾಗಿ ಸಾಕು. ಡ್ರೂಪಲ್ 7ಕ್ಕೆ ಅದರ ತಂಡದ ಬೆಂಬಲ 2025ರ ಜನವರಿ 5ರಂದು ಕೊನೆಗೊಂಡಿತು. ನಿಮ್ಮ ಸಂಸ್ಥೆಯ ಸೈಟ್ ಇನ್ನೂ ಅದರ ಮೇಲೆ ಓಡುತ್ತಿದೆಯೇ ಎಂದು ಈ ವಾರವೇ ವಿಚಾರಿಸಿ. ಓಡುತ್ತಿದ್ದರೆ ಅದನ್ನು ಬೇರೆಡೆಗೆ ಸಾಗಿಸುವ ಕೆಲಸವನ್ನು ಮುಂದಿನ ಸಭೆಗೆ ಹಾಕಬೇಡಿ.