ತಾತನ ಡಬ್ಬಿಯ ತಪ್ಪು ನಾಣ್ಯ

ಡಿಗ್ರಿ ಮುಗಿದು ಎರಡು ವರ್ಷ. ಕೋಚಿಂಗ್ ಫೀಸಿಗೆ ಅಮ್ಮನ ಮುಂದೆ ಮತ್ತೆ ಕೈಚಾಚಲು ಮನಸ್ಸಾಗದೆ ಕೂತಿದ್ದ ದಿನವೇ ಮೊಬೈಲಿನಲ್ಲಿ ಆ ವಿಡಿಯೊ ಕಂಡಿತು: ‘ತಪ್ಪಾಗಿ ಅಚ್ಚಾದ ನಾಣ್ಯ ನಿಮ್ಮಲ್ಲಿದೆಯೇ? ಲಕ್ಷ ಲಕ್ಷ ಗಳಿಸಿ!’ ತಾತನ ಹಿತ್ತಾಳೆ ಡಬ್ಬಿ ನೆನಪಾಯಿತು. ತಾತ ಮೈಸೂರಿನಲ್ಲಿ ಸಿಟಿ ಬಸ್ ಕಂಡಕ್ಟರ್ ಆಗಿದ್ದವರು. ವಿಚಿತ್ರ ಚಿಲ್ಲರೆಯೆಲ್ಲ ಆ ಡಬ್ಬಿ ಸೇರುತ್ತಿತ್ತು.

ಸುರಿದು ನಾಲ್ಕನ್ನು ಆರಿಸಿದೆ. ಇಸವಿ ಉಲ್ಟಾ ಇರುವ ಆನೆಯ ತಾಮ್ರದ ಕಾಸು, ಇಸವಿಯ ಕೆಳಗೆ ಗುರುತೇ ಇಲ್ಲದ ಎರಡು ರೂಪಾಯಿ, ಎರಡೂ ಕಡೆ ‘5’ ಇರುವ ಐದು ರೂಪಾಯಿ, ಚಿತ್ರ ಒಂದು ಬದಿಗೆ ಸರಿದ ಸ್ಟೀಲಿನ ಒಂದು ರೂಪಾಯಿ. ಫೋಟೊ ಕಳಿಸಿದ ಹತ್ತೇ ನಿಮಿಷಕ್ಕೆ ಕರೆ ಬಂತು. ‘ಮೂರು ಲಕ್ಷ ಸಿಗುತ್ತೆ ಮೇಡಂ. ಮೊದಲು 1,850 ರೂಪಾಯಿ ಕಟ್ಟಿ, ರಿಸರ್ವ್ ಬ್ಯಾಂಕ್ ಸರ್ಟಿಫಿಕೇಟ್ ಬರುತ್ತೆ.’ ನನ್ನ ಖಾತೆಯಲ್ಲಿದ್ದದ್ದು 2,100.

ಗೆಳತಿ ತಡೆದಳು. ಸರಸ್ವತಿಪುರಂನಲ್ಲಿ ಅವಳ ಪಕ್ಕದ ಮನೆಯ ಅಂಕಲ್ ನಾಣ್ಯ ಸಂಗ್ರಹಕಾರರು. ಭೂತಗನ್ನಡಿ, ಪುಟ್ಟ ಡಿಜಿಟಲ್ ತಕ್ಕಡಿ ತಂದಿಟ್ಟುಕೊಂಡು, ‘ತಪ್ಪು ಯಾವುದು ಅಂತ ಹೇಳೋಕೆ ಸರಿ ಯಾವುದು ಅಂತ ಗೊತ್ತಿರಬೇಕಮ್ಮ’ ಎಂದರು.

ಆನೆಯ ಕಾಸು ಟಿಪ್ಪುವಿನದು, ಶ್ರೀರಂಗಪಟ್ಟಣದಲ್ಲಿ ಟಂಕಿಸಿದ್ದು. 1787ರ ಸುಮಾರಿಗೆ ಟಿಪ್ಪು ಮೌಲೂದಿ ಎಂಬ ಹೊಸ ಕಾಲಗಣನೆ ತಂದ. ಆಮೇಲಿನ ನಾಣ್ಯಗಳಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ನಮಗೆ 7121 ಎಂದು ಕಾಣುವುದು 1217. ಅದು ತಪ್ಪಲ್ಲ, ಅವನ ಪದ್ಧತಿ.

ಗುರುತಿಲ್ಲದ ಎರಡು ರೂಪಾಯಿಯೂ ಅಷ್ಟೆ. ನಮ್ಮೂರಲ್ಲಿ ನೋಟು ಮುದ್ರಣಾಲಯವಿದ್ದರೂ ನಾಣ್ಯ ತಯಾರಾಗುವುದು ಮುಂಬೈ, ಹೈದರಾಬಾದ್, ನೋಯ್ಡಾ, ಕೋಲ್ಕತ್ತಗಳಲ್ಲಿ. ಸಾಮಾನ್ಯವಾಗಿ ಮುಂಬೈಗೆ ವಜ್ರಾಕೃತಿ, ಹೈದರಾಬಾದಿಗೆ ನಕ್ಷತ್ರ, ನೋಯ್ಡಾಕ್ಕೆ ಚುಕ್ಕಿ. ಕೋಲ್ಕತ್ತದ್ದಕ್ಕೆ ಗುರುತೇ ಇರುವುದಿಲ್ಲ.

ಎರಡು ‘5’ರ ನಾಣ್ಯವನ್ನು ಮೇಜಿನ ಮೇಲೆ ಬೀಳಿಸಿದರು. ಠಣ್ ಎನ್ನಲಿಲ್ಲ, ಮಂಕಾದ ಸದ್ದು. ಹಳೆಯ ಕ್ಯುಪ್ರೊನಿಕಲ್ ಐದು ರೂಪಾಯಿ 9 ಗ್ರಾಂ ತೂಗಬೇಕು, ಇದು 8.2. ಭೂತಗನ್ನಡಿಯಲ್ಲಿ ಅಂಚಿನ ಒಳಬದಿಗೆ ಕೂದಲೆಳೆಯ ಬೆಸುಗೆ ಕಂಡಿತು. ಎರಡು ನಾಣ್ಯ ಕೊರೆದು ಜೋಡಿಸಿದ ಕಿತಾಪತಿ.

ಕೊನೆಯದು ಒಂದು ರೂಪಾಯಿ. ತೂಕ ಸರಿಯಾಗಿ 4.85 ಗ್ರಾಂ, ಅಂದರೆ ಯಾರೂ ಅರ ಹಾಕಿ ತೇಯ್ದಿಲ್ಲ. ಅಚ್ಚು ಬೀಳದ ಭಾಗ ನುಣುಪಾಗಿತ್ತು. ಬಿಲ್ಲೆ ಅಚ್ಚಿನ ನಡುವೆ ಕೂರದಿದ್ದಾಗ ಸುತ್ತಲಿನ ಬಳೆಯ ಹಿಡಿತ ತಪ್ಪಿ ಲೋಹ ಪಕ್ಕಕ್ಕೆ ಹರಡುತ್ತದೆ. ಹಾಗಾಗಿ ನಾಣ್ಯ ತುಸು ಉದ್ದಕ್ಕಿತ್ತು. ‘ಇದು ನಿಜವಾದ ಎರರ್. ಆಸಕ್ತರು ಕೆಲವು ನೂರು ರೂಪಾಯಿ ಕೊಟ್ಟಾರು. ಲಕ್ಷದ ಮಾತು ಬಿಡು’ ಎಂದು ನಕ್ಕರು.

ಹಳೆ ನೋಟು, ನಾಣ್ಯಗಳ ವ್ಯವಹಾರಕ್ಕೆ ತನ್ನ ಹೆಸರು ಹೇಳಿ ಶುಲ್ಕ, ಕಮಿಷನ್, ತೆರಿಗೆ ಕೇಳುವವರನ್ನು ನಂಬಬೇಡಿ, ತಾನು ಅಂಥ ವ್ಯವಹಾರ ಮಾಡುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿತ್ತು ಎಂಬುದನ್ನೂ ಅವರೇ ತೋರಿಸಿದರು. ಅಲ್ಲೇ ಆ ನಂಬರನ್ನು ಬ್ಲಾಕ್ ಮಾಡಿದೆ. ಕೆಲಸವಿಲ್ಲದ ನಮ್ಮಂಥವರ ಅವಸರವೇ ಅವರ ಬಂಡವಾಳ ಎನ್ನಿಸಿ ನಾಚಿಕೆಯೂ ಆಯಿತು.

ಮನೆಗೆ ಬಂದು ಅಜ್ಜಿಗೆ ಆ ಒಂದು ರೂಪಾಯಿ ತೋರಿಸಿದೆ. ‘ಇದಾ? ಬಸ್ಸಲ್ಲಿ ಯಾರಿಗೆ ಕೊಟ್ರೂ ಬೇಡ ಅಂತಿದ್ರಂತೆ. ನಿಮ್ಮ ತಾತ ಬ್ಯಾಗಿಗೆ ತನ್ನ ಜೇಬಿಂದ ಒಂದು ರೂಪಾಯಿ ಹಾಕಿ, ಇದನ್ನ ಮನೆಗೆ ತಂದಿದ್ರು’ ಎಂದಳು.

ಫೀಸಿಗೆ ಈಗ ಸಂಜೆ ಟ್ಯೂಷನ್ ಹೇಳುತ್ತಿದ್ದೇನೆ. ನಾಣ್ಯ ಡಬ್ಬಿಯಲ್ಲೇ ಇದೆ.