ತಗಡಿನ ಪೆಟ್ಟಿಗೆಯಲ್ಲಿ ಹಜಾರದ ಗುಂಗು

ಸ್ಪ್ರಿಂಗ್ ರಿವರ್ಬ್ ಎಂಬುದು ದೊಡ್ಡ ಹಜಾರದ ಗುಂಗನ್ನು ಒಂದೂವರೆ ಅಡಿ ಉದ್ದದ ತಗಡಿನ ಪೆಟ್ಟಿಗೆಯೊಳಗೆ ಹುಟ್ಟಿಸುವ ಸಾಧನ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ರಾಮನಗರದ ಬಂಡೆಗೆ ಬಡಿದು ಮರಳುವ ಕೂಗು ಬೇರೆಯಾಗಿ ಕೇಳಬೇಕಾದರೆ ಬಂಡೆ ಸುಮಾರು 17 ಮೀಟರಾದರೂ ದೂರವಿರಬೇಕು. ಇದು ಪ್ರತಿಧ್ವನಿ. ಬಿಡದಿ ಕೈಗಾರಿಕಾ ಪ್ರದೇಶದ ಖಾಲಿ ಶೆಡ್ಡಿನಲ್ಲಿ ಚಪ್ಪಾಳೆ ತಟ್ಟಿದರೆ ಕೇಳುವುದೇ ಬೇರೆ: ತಗಡು, ಗೋಡೆ, ನೆಲಗಳಿಂದ ಮರಳಿದ ಸದ್ದುಗಳು ಒಂದರ ಮೇಲೊಂದು ಬಿದ್ದು, ಚಪ್ಪಾಳೆಗೆ ಬಾಲ ಬೆಳೆಯುತ್ತದೆ. ಇದು ಅನುರಣನ. ರಿವರ್ಬ್ ಅನುಕರಿಸಹೊರಟಿರುವುದು ಈ ಬಾಲವನ್ನು.

ಪೆಟ್ಟಿಗೆಯೊಳಗೆ ಸಣ್ಣ ಸ್ಪ್ರಿಂಗುಗಳನ್ನು ಎಳೆದು ಕಟ್ಟಿರುತ್ತಾರೆ. ಒಂದೊಂದರ ಎರಡೂ ತುದಿಯಲ್ಲಿ ಮಣಿಯಷ್ಟು ಅಯಸ್ಕಾಂತ, ಅದರ ಸುತ್ತ ತಂತಿ ಸುರುಳಿ ಸುತ್ತಿದ ಕಬ್ಬಿಣದ ಚೌಕಟ್ಟು. ಗಿಟಾರಿನ ಸಂಕೇತ ಒಂದು ಸುರುಳಿಯಲ್ಲಿ ಹರಿದಾಗ ಅಯಸ್ಕಾಂತ ಅತ್ತಿತ್ತ ತಿರುಚುತ್ತದೆ. ಆ ತಿರುಚು ಅಲೆಯಾಗಿ ಸ್ಪ್ರಿಂಗಿನುದ್ದಕ್ಕೂ ಸಾಗಿ, ಆಚೆ ತುದಿಯ ಸುರುಳಿಯಲ್ಲಿ ಮತ್ತೆ ವಿದ್ಯುತ್ತಾಗುತ್ತದೆ. ಅಷ್ಟಕ್ಕೆ ನಿಲ್ಲದೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಾ ಕ್ಷೀಣಿಸುತ್ತದೆ. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ ಹೊರಡುವ ಕಾರಿನ ಸ್ಪ್ರಿಂಗು ಕುಲುಕಾಟವನ್ನು ನುಂಗಬೇಕು. ಈ ಸ್ಪ್ರಿಂಗು ಅದನ್ನು ಜೋಪಾನವಾಗಿ ದಾಟಿಸಬೇಕು. ಸಾಮಾನ್ಯವಾಗಿ ಒಂದು ಸ್ಪ್ರಿಂಗು ಸಂಕೇತವನ್ನು 33 ಮಿಲಿಸೆಕೆಂಡ್, ಇನ್ನೊಂದು 41 ಮಿಲಿಸೆಕೆಂಡ್ ತಡಮಾಡುತ್ತದೆ. ಎರಡೂ ಒಂದೇ ಲಯದಲ್ಲಿ ಮರುಕಳಿಸಿದರೆ ಮೋಸ ಬಯಲಾಗುತ್ತದೆ. ಬೇರೆ ಬೇರೆ ಶ್ರುತಿಯ ಸ್ವರಗಳು ಸ್ಪ್ರಿಂಗಿನಲ್ಲಿ ಬೇರೆ ಬೇರೆ ವೇಗದಲ್ಲಿ ಸಾಗುವುದರಿಂದ, ತಂತಿಯನ್ನು ಚುರುಕಾಗಿ ಮೀಟಿದಾಗ ನೀರು ತೊಟ್ಟಿಕ್ಕಿದಂಥ ಒಂದು ಚಿಲಿಪಿಲಿಯೂ ಸೇರಿಕೊಳ್ಳುತ್ತದೆ. ಯಾವ ಹಜಾರದಲ್ಲೂ ಅಂಥ ಸದ್ದಿಲ್ಲ. ಅನುಕರಣೆಯಾಗಿ ಇದು ಸೋಲೇ. ಆದರೆ ಗಿಟಾರ್ ವಾದಕರು ಮೆಚ್ಚಿದ್ದು ಆ ಸೋಲನ್ನೇ.

ಸ್ಪ್ರಿಂಗಿನ ಉಪಾಯ ಹ್ಯಾಮಂಡ್ ಆರ್ಗನ್ನಿನಿಂದ ಬಂದದ್ದು. ಫೆಂಡರ್ ಸಂಸ್ಥೆ 1961ರಲ್ಲಿ ಅದನ್ನು ಗಿಟಾರಿಗಾಗಿ ಪ್ರತ್ಯೇಕ ಪೆಟ್ಟಿಗೆಯಾಗಿ ತಂದಿತು. ಅದೇ 1961ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ರೇಡಿಯೊ ವಾಲ್ವುಗಳ ತಯಾರಿಕೆ ಶುರುಮಾಡಿತು. ಎರಡಕ್ಕೂ ನೇರ ನಂಟಿಲ್ಲ. ಆದರೂ ವಾಲ್ವ್ ರೇಡಿಯೊಗಳ ಕಾಲ ಮುಗಿದ ಮೇಲೆ ಬಿಇಎಲ್ ಗುರುತಿನ ಇಸಿಸಿ83 ವಾಲ್ವುಗಳು ಗಿಟಾರ್ ಆಂಪ್ಲಿಫೈಯರುಗಳ ಪಾಲಾದವು. ಅಮೆರಿಕದವರು 12ಎಎಕ್ಸ್7 ಎನ್ನುವುದು ಇದನ್ನೇ.

ಫೆಂಡರ್ ಪೆಟ್ಟಿಗೆಯಲ್ಲಿ ಸ್ಪ್ರಿಂಗನ್ನು ಅಲುಗಿಸುವ ಕೆಲಸ 6ಕೆ6 ಎಂಬ ಪವರ್ ವಾಲ್ವಿನದು. ವಾಲ್ವು ಕೊಡುವುದು ಹೆಚ್ಚು ವೋಲ್ಟೇಜು, ಕಡಿಮೆ ಕರೆಂಟು. 8 ಓಮ್ ಸುರುಳಿ ಕೇಳುವುದು ಇದರ ತಿರುವುಮುರುವು. ನಡುವೆ ಟ್ರಾನ್ಸ್‌ಫಾರ್ಮರ್ ಇರುವುದು ಇದಕ್ಕಾಗಿ. ಆಚೆ ತುದಿಯಲ್ಲಿ ಸಿಗುವ ಕೆಲವೇ ಮಿಲಿವೋಲ್ಟನ್ನು 12ಎಎಕ್ಸ್7 ಜಾತಿಯ ವಾಲ್ವು ಹಿಗ್ಗಿಸುತ್ತದೆ.

ಮಾರ್ಪಾಡು ಮಾಡುವವರು ಮೊದಲು ಕೈಹಾಕುವುದು 6ಕೆ6 ತೆಗೆದು 6ವಿ6 ಕೂರಿಸುವುದಕ್ಕೆ. ಪಿನ್ನುಗಳು ಹೊಂದುತ್ತವೆ, ಸ್ಪ್ರಿಂಗಿಗೆ ಹೆಚ್ಚು ಬಲ ಬೀಳುತ್ತದೆ. ಆದರೆ 6ವಿ6ರ ಹೀಟರ್ 0.40ರ ಬದಲು 0.45 ಆಂಪಿಯರ್ ಎಳೆಯುತ್ತದೆ, ಪ್ಲೇಟಿನ ಕರೆಂಟೂ ಏರುತ್ತದೆ. ಪವರ್ ಟ್ರಾನ್ಸ್‌ಫಾರ್ಮರ್ ತಾಳುತ್ತದೆಯೇ ಎಂದು ಮೊದಲು ನೋಡಬೇಕು. ಇದಕ್ಕಿಂತ ಜಾಣ ಮಾರ್ಪಾಡು ಒಂದು ಪುಟ್ಟ ಕೆಪಾಸಿಟರಿನದು. ಮಂದ್ರ ಸ್ವರಗಳು ಸ್ಪ್ರಿಂಗನ್ನು ವಿಪರೀತ ಅಲುಗಿಸಿ ಗೊಂದಲ ಎಬ್ಬಿಸುತ್ತವೆ. ಅವನ್ನು ಬಾಗಿಲಲ್ಲೇ ತಡೆದರಾಯಿತು. ಫೆಂಡರಿನ ಮುಂದಿನ ಆಂಪ್ಲಿಫೈಯರುಗಳಲ್ಲಿ ಚಾಲಕ ವಾಲ್ವಿನ ಮುಂದೆ 500 ಪಿಕೋಫ್ಯಾರಡ್ ಕೆಪಾಸಿಟರ್ ಮತ್ತು 1 ಮೆಗಓಮ್ ರೆಸಿಸ್ಟರ್ ಇವೆ. ಈ ಜೋಡಿ ಸುಮಾರು 318 ಹರ್ಟ್ಸ್‌ಗಿಂತ ಕೆಳಗಿನದನ್ನು ತಗ್ಗಿಸುತ್ತದೆ. ಗಿಟಾರಿನ ದಪ್ಪ ತಂತಿ ನುಡಿಯುವುದು 82 ಹರ್ಟ್ಸ್‌ನಲ್ಲಿ. ಕೆಪಾಸಿಟರನ್ನು ಅರ್ಧಕ್ಕಿಳಿಸಿದರೆ ಆ ಗಡಿ ಇಮ್ಮಡಿಯಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವೇ ರೂಪಾಯಿಗೆ ಸಿಗುವ ಬಿಡಿಭಾಗದ ಕೆಲಸವಿದು.

ಬಾಲ ತೀರಾ ಉದ್ದವೆನಿಸಿದರೆ ಸ್ಪ್ರಿಂಗ್ ಪೆಟ್ಟಿಗೆಯನ್ನೇ ಬದಲಿಸಬಹುದು. ಉದ್ದದ ಬಗೆ 2.75ರಿಂದ 4 ಸೆಕೆಂಡ್ ಗುಂಗಿಟ್ಟರೆ ಮಧ್ಯಮದ್ದು 1.75ರಿಂದ 3. ಹೊಸ ಪೆಟ್ಟಿಗೆಯಲ್ಲಿ ಸಂಕೇತ ಒಳಬರುವ ಸುರುಳಿಯೂ 8 ಓಮಿನದ್ದೇ ಆಗಿರಬೇಕು. 600 ಓಮಿನದ್ದನ್ನು ಸಿಕ್ಕಿಸಿದರೆ ಸದ್ದು ಸೊರಗುತ್ತದೆ.

ಅಮೆರಿಕದಿಂದ ತಂದ ಹಳೆಯ ಪೆಟ್ಟಿಗೆಗೆ 230 ವೋಲ್ಟನ್ನು ಇಳಿಸಿಕೊಡುವ ಟ್ರಾನ್ಸ್‌ಫಾರ್ಮರ್ ಬೇಕೇಬೇಕು. ಅದು ವೋಲ್ಟೇಜನ್ನಷ್ಟೇ ಇಳಿಸೀತು, 50 ಹರ್ಟ್ಸನ್ನು 60 ಮಾಡದು. ಹಾಗಾಗಿ ಒಳಗಿನ ಟ್ರಾನ್ಸ್‌ಫಾರ್ಮರ್ ತನ್ನ ಊರಿನಲ್ಲಿದ್ದುದಕ್ಕಿಂತ ಹೆಚ್ಚು ಬಿಸಿಯಾಗುತ್ತದೆ. ಸ್ವಿಚ್ಚು ಆರಿಸಿದ ಮೇಲೂ ದೊಡ್ಡ ಕೆಪಾಸಿಟರುಗಳು 300 ವೋಲ್ಟ್ ಆಸುಪಾಸು ಹಿಡಿದಿಟ್ಟುಕೊಂಡಿರಬಹುದು. ರೆಸಿಸ್ಟರ್ ಮೂಲಕ ಅದನ್ನು ಹರಿಸಿ, ಮೀಟರಿನಲ್ಲಿ ಸೊನ್ನೆ ನೋಡಿದ ಮೇಲೆಯೇ ಬೆರಳು ಒಳಗಿಡಬೇಕು.

ಗುಂಯ್ ಎನ್ನುವ ಕರೆಂಟಿನ ಸದ್ದು ಬಂದರೆ ಅನುಮಾನ ಮೊದಲು ಸಂಕೇತ ಹೊರಬರುವ ತುದಿಯ ಸುರುಳಿಯ ಮೇಲಿರಲಿ. ಸ್ಪ್ರಿಂಗಿನ ತಿರುಚನ್ನು ಹಿಡಿಯುವಷ್ಟೇ ಸಲೀಸಾಗಿ ಅದು ಸುತ್ತಲಿನ ಕಾಂತಕ್ಷೇತ್ರವನ್ನೂ ಹಿಡಿಯುತ್ತದೆ. ಆ ತುದಿಯನ್ನು ಪವರ್ ಟ್ರಾನ್ಸ್‌ಫಾರ್ಮರಿನಿಂದ ದೂರಕ್ಕೆ ತಿರುಗಿಸಿಟ್ಟರೆ ಎಷ್ಟೋ ಸಲ ಸದ್ದು ಅಡಗುತ್ತದೆ. ಪಕ್ಕದ ಶೆಡ್ಡಿನಲ್ಲಿ ದೊಡ್ಡ ಮೋಟಾರು ಓಡುತ್ತಿದ್ದರೆ ಪೆಟ್ಟಿಗೆಯ ಜಾಗವನ್ನೂ ಬದಲಿಸಬೇಕಾದೀತು. ಕೊನೆಯದಾಗಿ, ತಗಡಿನ ಪೆಟ್ಟಿಗೆಯನ್ನು ಮರದ ಗೂಡಿಗೆ ಬಿಗಿಯಾಗಿ ಮೊಳೆ ಹೊಡೆಯದೆ ರಬ್ಬರಿನ ಮೇಲೆ ಸಡಿಲವಾಗಿ ಕೂರಿಸಬೇಕು. ಇಲ್ಲವಾದರೆ ವಾದಕ ವೇದಿಕೆಯ ಮೇಲೆ ಜೋರಾಗಿ ಕಾಲಿಟ್ಟರೂ ಸ್ಪೀಕರಿನಲ್ಲಿ ಗುಡುಗುತ್ತದೆ.